ಇಪ್ಪತ್ತು ಸೆಕೆಂಡಿನ ಸರ್

ತಮ್ಮದೇ ಬೀಳ್ಕೊಡುಗೆಯ ಸಭೆಯಿಂದ ಅರ್ಧಕ್ಕೇ ಎದ್ದು ಹೋದವರನ್ನು ನಾನು ಕಂಡದ್ದು ಒಬ್ಬರನ್ನೇ. ಹೋದ ವರ್ಷ ನಮ್ಮ ಹೈಸ್ಕೂಲಿನ ಪಿ.ಟಿ. ಸರ್ ನಿವೃತ್ತರಾದಾಗ ತಲೆಗೆ ಫೇಟಾ ಸುತ್ತಿದರು, ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಆಮೇಲೆ ಭಾಷಣಗಳು ಶುರುವಾದವು. ನಮ್ಮ ಭಾಗದಲ್ಲಿ ಮೈಕು ಹಿಡಿದವರು ಅದನ್ನು ಬಿಡುವುದು ಕರೆಂಟು ಹೋದಾಗ ಮಾತ್ರ. ಮೂರನೆಯ ಭಾಷಣಕಾರರು ಸರ್ ಅವರ ಸಮಯಪಾಲನೆಯನ್ನು ಹೊಗಳುತ್ತ ಹೊಗಳುತ್ತ ಹೊತ್ತು ಕಳೆಯುತ್ತಿದ್ದಾಗ ಸರ್ ಎದ್ದು ನಿಂತು ಸಭೆಗೆ ಕೈ ಮುಗಿದು, "ಮುಕ್ಕಾಮಿನ ಗಾಡಿ ಬಂತ್ರಿ. ನೀವು ನಡಸ್ರಿ, ನಾ ಹೊಂಟೆ" ಎಂದು ಫೇಟಾ ಸಮೇತ ರಸ್ತೆಯ ಕಡೆ ನಡೆದುಬಿಟ್ಟರು.

ಮುಕ್ಕಾಮಿನ ಗಾಡಿ ಅಂದರೆ ಸಂಜೆ ನಮ್ಮ ತಾಲೂಕಿನ ಊರು ಜತ್ತದಿಂದ ಹೊರಟು ರಾತ್ರಿ ನಮ್ಮ ಕಡೆಯ ಹಳ್ಳಿಯಲ್ಲೇ ತಂಗುವ ಮಹಾರಾಷ್ಟ್ರದ ಎಸ್.ಟಿ. ಬಸ್ಸು. ಅದು ತಪ್ಪಿದರೆ ಆ ದಿನಕ್ಕೆ ಬೇರೆ ಬಸ್ಸಿಲ್ಲ. ಸಭೆಯಲ್ಲಿ ಅರ್ಧ ಜನ ನಕ್ಕರು, ಅರ್ಧ ಜನ ಸಿಟ್ಟಾದರು. ಅಧ್ಯಕ್ಷರು ನನ್ನ ಕಡೆ ನೋಡಿ, "ಏನ್ರೀ ಬಾಯಾರ, ಹಿಂಗ್ಯಾಕ?" ಅಂದರು. ಶಿಕ್ಷಕಿಯರನ್ನು ನಮ್ಮಲ್ಲಿ ಹಾಗೇ ಕರೆಯುವುದು. ಪಿ.ಟಿ. ಸರ್ ಏನು ಮಾಡಿದರೂ ಉತ್ತರ ಹೇಳುವ ಪಾಳಿ ನನ್ನದು ಎಂಬುದು ಶಾಲೆಯಲ್ಲಿ ಮೊದಲಿನಿಂದ ಬಂದ ಪದ್ಧತಿ. ನಾನು ಕನ್ನಡ ಕಲಿಸುವವಳು. ಹುಡುಗಿಯರ ಟೀಮು ಊರು ಬಿಟ್ಟು ಹೋದರೆ ಜೊತೆಗೊಬ್ಬ ಶಿಕ್ಷಕಿ ಇರಲೇಬೇಕೆಂಬ ನಿಯಮದಿಂದ ಅವರ ಬೇಸ್‌ಬಾಲ್ ಟೀಮಿನ ಹಿಂದೆ ವರ್ಷಗಟ್ಟಲೆ ಚೀಲ ಹಿಡಿದು ಅಲೆದವಳು.

ಅವರು ಕೂತದ್ದನ್ನು ನೋಡಿದ ನೆನಪು ನನಗೆ ಕಡಿಮೆ. ಸ್ಟಾಫ್ ರೂಮಿನಲ್ಲಿ ಕಿಟಕಿಗೆ ಆತು ನಿಂತೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದರು. ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸೀಟಿ, ಅದರ ಜೊತೆ ಸ್ಟಾಪ್‌ವಾಚ್, ಗುಂಡಿ ಒತ್ತಿ ನಿಲ್ಲಿಸುವ ಗಡಿಯಾರ. ಯಾರಾದರೂ ಮಾತು ಉದ್ದ ಮಾಡಿದರೆ ಕೈ ತಾನಾಗಿ ಆ ಗಡಿಯಾರದ ಗುಂಡಿಯ ಮೇಲೆ ಹೋಗುತ್ತಿತ್ತು. ಹೆಡ್ ಮಾಸ್ತರರಿಗೂ ಈ ಮರ್ಯಾದೆ ತಪ್ಪಿದ್ದಲ್ಲ. "ಯಾಳೆ ಯಾರಪ್ಪನ ಮನಿ ಆಳಲ್ರಿ" ಎನ್ನುವುದು ಹೊತ್ತಿನ ಬಗ್ಗೆ ಅವರ ಮಾತು. ಪ್ರಾರ್ಥನೆಗೆ ತಡವಾಗಿ ಬಂದ ಮಕ್ಕಳಿಗೂ ಅದೇ, ಹಜೇರಿಗೆ ತಡವಾಗಿ ಬಂದ ನನಗೂ ಅದೇ. ನನ್ನ ಮಗಳ ಮದುವೆಯಲ್ಲಿ ಅಕ್ಷತೆ ತಡವಾಯಿತೆಂದು ಭಟ್ಟರಿಗೂ ಅದನ್ನೇ ಹೇಳಿ ನನ್ನ ಬೀಗರ ಕಣ್ಣು ಕೆಂಪಗಾಗಿಸಿದ್ದರು. ಒಳ್ಳೆಯವರು ಅನ್ನುವುದಕ್ಕೆ ಮೊದಲು ಅವರು ತಲೆನೋವಿನ ಮನುಷ್ಯ ಎಂದು ಹೇಳಿಬಿಡುವುದು ನ್ಯಾಯ.

ಜೋಳ, ತೊಗರಿ ಬೆಳೆಯುವ ಈ ಒಣ ನೆಲಕ್ಕೆ ಬೇಸ್‌ಬಾಲ್ ತಂದವರು ಅವರೇ. ಕರಜಗಿಯ ಕುರಿ ಕಾಯುವ ಮನೆತನದವರು. ತರಬೇತಿಗೆಂದು ಜಿಲ್ಲಾ ಕೇಂದ್ರ ಸಾಂಗಲಿ ಕಡೆ ಹೋದಾಗ ಕಲಿತು ಬಂದಿದ್ದರು. ಯಾಕೆ ಈ ಆಟ ಎಂದು ಕೇಳಿದರೆ ಮುಚ್ಚುಮರೆ ಇರಲಿಲ್ಲ. "ಕಬಡ್ಡಿ, ಖೋಖೋದಾಗ ದೊಡ್ಡ ಊರಿನವ್ರು ನಮ್ಮ ಹುಡುಗ್ಯಾರ್ನ ಮುಂದ ಬಿಡಾಂಗಿಲ್ಲ. ಇದರಾಗ ಟೀಮ ಕಡಿಮಿ. ಸಾಂಗಲಿ ಮೈದಾನ ನೋಡೂದಿದ್ರ ಇದೇ ದಾರಿ." ಊರಿನವರು ಇದನ್ನು ಕೆಟ್ಟುಹೋದ ಕ್ರಿಕೆಟ್ಟು ಅಂದರು. ಸರ್ ಬಡಿಗನಿಂದ ಜಾಲಿ ಕಟ್ಟಿಗೆಯ ಬ್ಯಾಟು ಮಾಡಿಸಿದರು. ಅದನ್ನೆತ್ತಿದ ಹುಡುಗಿಯರ ರಟ್ಟೆ ಎರಡು ದಿನ ನೋಯುತ್ತಿತ್ತು.

ಆಟ ನನಗೆ ಅರ್ಥವಾದದ್ದು ಇಷ್ಟು. ಒಬ್ಬಳು ಒಗೆಯುತ್ತಾಳೆ, ಒಬ್ಬಳು ಹೊಡೆಯುತ್ತಾಳೆ, ನಾಲ್ಕು ಮೂಲೆ ಇರುತ್ತವೆ, ಹೊಡೆಯುವವಳು ನಿಲ್ಲುವ ಮೂಲೆಗೆ ಮನೆ ಅನ್ನುತ್ತಾರೆ. ಹೊಡೆದವಳು ಮೂಲೆಯಿಂದ ಮೂಲೆಗೆ ಓಡಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಒಗೆಯುವವಳು ನಾಲ್ಕು ಸಲ ಅಡ್ಡಾದಿಡ್ಡಿ ಒಗೆದರೆ ಹೊಡೆಯುವವಳು ಬ್ಯಾಟು ಬೀಸದೆಯೇ ಮೊದಲ ಮೂಲೆಗೆ ನಡೆದು ಹೋಗಬಹುದು. ಅಲ್ಲಿ ಮೊದಲೇ ಇದ್ದವಳು ಮುಂದಿನ ಮೂಲೆಗೆ ಸರಿಯಬೇಕು. ಎಲ್ಲ ಮೂಲೆಯೂ ತುಂಬಿದ್ದರೆ ಕೊನೆಯವಳು ಸರಿಯುತ್ತ ಮನೆಗೇ ಬಂದುಬಿಡುತ್ತಾಳೆ, ಪುಕ್ಕಟೆ ಒಂದು ರನ್. ಒಂದು ಆಟ ಎಷ್ಟು ಹೊತ್ತು ನಡೆಯಬೇಕೆಂಬ ಲೆಕ್ಕವಿಲ್ಲ. ಕೊನೆಯವಳು ಔಟಾಗುವವರೆಗೆ ನಡೆಯುತ್ತದೆ.

ತಕರಾರು ಹುಟ್ಟಿದ್ದು ಅಲ್ಲಿಯೇ. ಒಂದು ವರ್ಷ ಜತ್ತದಲ್ಲಿ ತಾಲೂಕು ಪಂದ್ಯ ಮುಗಿಯಲೇ ಇಲ್ಲ. ಎದುರಿನ ಟೀಮಿನ ಒಗೆಯುವ ಹುಡುಗಿ ಚೆಂಡನ್ನು ಒರೆಸುವಳು, ಕೂದಲು ಸರಿ ಮಾಡಿಕೊಳ್ಳುವಳು, ತನ್ನ ಸರ್ ಮುಖ ನೋಡುವಳು, ಮತ್ತೆ ಒರೆಸುವಳು. ನಮ್ಮ ಮುಕ್ಕಾಮಿನ ಗಾಡಿ ಹೋಯಿತು. ಊರಿಗೆ ಬರಲು ದಾರಿಯಲ್ಲಿ ಸಿಕ್ಕವರನ್ನೆಲ್ಲ ತುಂಬಿಕೊಳ್ಳುವ ಒಂದು ವಡಾಪ್ ಜೀಪು ಸಿಗುವಷ್ಟರಲ್ಲಿ ಕತ್ತಲಾಗಿತ್ತು. ಮರುದಿನ ಅಪ್ಪಂದಿರು ಒಬ್ಬೊಬ್ಬರಾಗಿ ಶಾಲೆಗೆ ಬಂದರು. ಯಾರೂ ಜಗಳವಾಡಲಿಲ್ಲ. "ಸಾಲಿ ಕಲೀಲಿ, ಆಟ ಬ್ಯಾಡ್ರಿ" ಎಂದಷ್ಟೇ ಹೇಳಿ ಹೋದರು. ಹುಡುಗಿಯರ ಟೀಮು ಆ ವಾರವೇ ಮುಗಿದುಹೋಯಿತು. ಸರ್ ಎರಡು ದಿನ ಯಾರಿಗೂ ಬೈಯಲಿಲ್ಲ. ನನಗೆ ದಿಗಿಲಾದದ್ದು ಆಗಲೇ.

ಮುಂದಿನ ಮಳೆಗಾಲ ತಾಲೂಕಿನ ಕ್ರೀಡಾ ಶಿಕ್ಷಕರ ಸಭೆಯಲ್ಲಿ ಅವರು ಗಡಿಯಾರ ಬೇಕು ಎಂದು ಎದ್ದು ನಿಂತರು. ಚೆಂಡು ಕೈಗೆ ಬಂದ ಮೇಲೆ ಇಪ್ಪತ್ತು ಸೆಕೆಂಡಿನೊಳಗೆ ಒಗೆಯಬೇಕು, ಒಗೆಯದಿದ್ದರೆ ಅಡ್ಡ ಒಗೆದಂತೆ ಲೆಕ್ಕ. ಎದುರು ನಿಂತವರು ಜತ್ತದ ಶಾಲೆಯ ಹಿರಿಯ ಪಿ.ಟಿ. ಸರ್. ತಾಲೂಕಿನಲ್ಲಿ ಈ ಆಟವನ್ನು ಅವರಷ್ಟು ಪ್ರೀತಿಸಿದವರಿಲ್ಲ.

"ಫುಟ್‌ಬಾಲಿಗಿ ಗಡಿಯಾರ ಐತಿ, ಕಬಡ್ಡಿಗಿ ಐತಿ, ಇದಕ್ಕಿಲ್ರಿ ಸರ್," ಎಂದು ಅವರು ಶಾಂತವಾಗಿಯೇ ಹೇಳಿದರು. "ಒಗಿಯಾಂವ ವಿಚಾರ ಮಾಡ್ತಾನ, ಹೊಡಿಯಾಂವ ವಿಚಾರ ಮಾಡ್ತಾನ. ಇಬ್ಬರ ನಡುವ ಆ ಸುಮ್ಮನ ಇರೂ ಹೊತ್ತೈತಲ್ಲ, ಅದೇ ಆಟ. ಅದನ್ನ ಕತ್ತರಿಸಿದ್ರ ಏನ ಉಳೀತು?"

"ನಿಮ್ಮ ಹುಡುಗ್ಯಾರು ನಡಕೋತ ಮನಿಗೆ ಹೋಗ್ತಾರ," ಅಂದರು ನಮ್ಮ ಸರ್. "ನಮ್ಮವ್ರು ಗಾಡಿ ಹಿಡೀಬೇಕು. ನೀವು ಸುಮ್ಮನ ಇರೂ ಹೊತ್ತಿನ್ಯಾಗ ನಮ್ಮ ಗಾಡಿ ಹೋಗತೈತಿ."

"ಗಡಿಬಿಡಿ ಮಾಡಿ ಒಗದ್ರ ಹುಡುಗ್ಯಾರ ಭುಜ ಹೋಗ್ತಾವ್ರಿ."

"ಈ ಆಟ ಹುಟ್ಟಿಸಿದವ್ರೇ ಗಡಿಯಾರ ಹಚ್ಚ್ಯಾರ. ಅಮೆರಿಕಾದಾಗ. ಮೊಬೈಲಿನ್ಯಾಗ ನೋಡ್ರಿ ಬೇಕಾರ."

"ಅಲ್ಲಿ ನೋಡಾವ್ರಿಗಿ ಬ್ಯಾಸರಾಗತೈತಂತ ಹಚ್ಚ್ಯಾರ. ಇಲ್ಲಿ ಯಾರ್ರೀ ನೋಡಾವ್ರು? ಎರಡ ಎಮ್ಮಿ, ಒಬ್ಬ ಸಾಲಿ ಶಿಪಾಯಿ."

ಎಲ್ಲರೂ ನಕ್ಕರು, ನಮ್ಮ ಸರ್ ನಗಲಿಲ್ಲ. ಬಹಳ ಹೊತ್ತು ಎಳೆದಾಡಿ ಕೊನೆಗೆ ಒಂದು ತೀರ್ಮಾನವಾಯಿತು: ಗಡಿಯಾರ ಇರಲಿ, ಆದರೆ ಹುಡುಗಿಯರ ಪಂದ್ಯಕ್ಕೆ ಮಾತ್ರ. ನನಗೆ ಮೈಯೆಲ್ಲ ಉರಿಯಿತು. "ಹುಡುಗೂರು ನಿದಾನ ವಿಚಾರ ಮಾಡಬಹುದು, ಹುಡುಗ್ಯಾರು ಲಗೂನ ಮಾಡಬೇಕು. ಹಿಂಗೇನ್ರಿ?" ಎಂದು ಕೇಳಿದೆ. ಸರ್ ನನ್ನ ಕಡೆ ಬಾಗಿ, "ಕುಂದ್ರಿ ಬಾಯಾರ. ಅರ್ಧ ರೊಟ್ಟಿ ಸಿಕ್ಕೈತಿ, ಮದಲ ಅದನ್ನ ತಿನ್ನೂಣು" ಎಂದು ಪಿಸುಗುಟ್ಟಿದರು. ಗಡಿಯಾರ ಹಿಡಿಯುವವರು ಯಾರು ಎಂಬ ಮಾತು ಬಂತು. ಕೇಳಿದವರೇ ಹಿಡಿಯಲಿ ಅಂದರು ಯಾರೋ. ನಿಮ್ಮದೇ ಶಾಲೆಯ ಪಂದ್ಯವಿದ್ದರೆ, ಎಂದು ಇನ್ನೊಬ್ಬರು ಕೇಳಿದರು. ಜತ್ತದ ಹಿರಿಯ ಸರ್ ಅದಕ್ಕೆ, "ಇರ್ಲಿ ಬಿಡ್ರಿ, ಅವ್ರ ಮ್ಯಾಲೆ ನಂಬಿಕಿ ಐತಿ" ಎಂದರು.

ಗಡಿಯಾರ ಸಿಕ್ಕಿತು, ಇನ್ನು ಹುಡುಗಿಯರು ಸಿಗಬೇಕಿತ್ತು. ಸರ್ ಮನೆಮನೆಗೆ ಹೋದರು, ನನ್ನನ್ನೂ ಎಳೆದುಕೊಂಡು ಹೋದರು. ಹಾಗೆ ಸಿಕ್ಕವಳು ಮಾಯಕ್ಕ, ಆಗ ಒಂಬತ್ತನೆಯ ತರಗತಿಯ ಹುಡುಗಿ. ಉಟಗಿ ದಾರಿಯಲ್ಲಿ ಅವಳ ಅಜ್ಜನ ಕುರಿದೊಡ್ಡಿ. ಅಪ್ಪ ಕುರಿ ಹೊಡೆದುಕೊಂಡು ವರ್ಷದ ಅರ್ಧ ದೂರ ದೂರ ಇರುವವನು. ಮನೆಯ ಯಜಮಾನಿಕೆ ಅಜ್ಜನದು. ಆ ಹುಡುಗಿ ಕಲ್ಲು ಒಗೆಯುವುದನ್ನು ಸರ್ ರಸ್ತೆಯಲ್ಲಿ ಹೋಗುವಾಗ ನೋಡಿದ್ದರಂತೆ. ಬಂದು ನನ್ನ ಮುಂದೆ ಅದನ್ನು ವರ್ಣಿಸಿದ ದಿನ ಅವರು ಊಟವನ್ನೇ ಮರೆತಿದ್ದರು.

ಅಜ್ಜ ಕಂಬಳಿ ಹಾಸಿ, "ಕುಂದ್ರಿ ಸರ, ಕುಂದ್ರಿ ಬಾಯಾರ" ಎಂದು ಕೂರಿಸಿ, ಎಲ್ಲ ಕೇಳಿ, ಒಂದೇ ಮಾತು ಹೇಳಿದರು. "ಸಂಜಿಗಿ ಕುರಿ ಮನಿಗೆ ಬರೂ ಹೊತ್ತಿಗೆ ಆಕಿ ಇಲ್ಲಿರಬೇಕ್ರಿ. ಮರಿ ಬಿಡಾಕಿ ಆಕಿ. ಯಾವ ಮರಿ ಯಾವ ಕುರೀದು ಅಂತ ಆಕಿಗಿ ಗೊತ್ತು, ನನ್ನ ಕಣ್ಣಿಗಿ ಈಗ ಮಬ್ಬಿನ್ಯಾಗ ಗುರ್ತ ಸಿಗೂದಿಲ್ಲ. ತಪ್ಪಿ ಬಿಟ್ರ ತಾಯಿ ಒದೀತೈತಿ, ಮರಿ ಉಪಾಸ ಬೀಳತೈತಿ. ಮ್ಯಾಲೆ ಹೆಣ್ಣ ಹುಡುಗಿ. ಹೊತ್ತ ಮುಳುಗೂದ್ರೊಳಗ ತಂದು ಬಿಡ್ತೀನಿ ಅಂದ್ರ ಕಳಸ್ತೀನಿ. ಒಂದ ದಿನ ತಪ್ಪಿದ್ರ ಅದೇ ಕಡೀ ದಿನ."

"ತಪ್ಪಾಂಗಿಲ್ರಿ," ಅಂದರು ಸರ್. ಮಾಯಕ್ಕ ದೊಡ್ಡಿಯ ಮುಳ್ಳುಬೇಲಿಯ ಆಚೆ ಒಂದು ಮರಿಯನ್ನು ಎತ್ತಿಕೊಂಡು ನಿಂತಿದ್ದಳು. ಅಜ್ಜ ಒಪ್ಪಿದಾಗ ಅವಳ ಮುಖ ನೋಡಬೇಕಿತ್ತು.

ತಾಲೀಮು ಶುರುವಾದ ಮೇಲೆ ತಿಳಿಯಿತು, ಅವಳು ಒಗೆದದ್ದು ಗುರಿ ತಪ್ಪುವುದಿಲ್ಲ, ಆದರೆ ಒಗೆಯಲು ಕೈ ಏಳುವುದೇ ಇಲ್ಲ. ಚೆಂಡು ಹಿಡಿದು ಎದುರಿನವಳ ಮುಖ ನೋಡುತ್ತ ನಿಲ್ಲುವಳು. ನಾನು ಗೋಡೆಯ ಮೇಲೆ ಕೂತು ಈ ಹುಡುಗಿಗೆ ಏನಾದರೂ ಬಡಿದಿದೆಯೋ ಎಂದುಕೊಂಡೆ. ಸರ್‌ಗೆ ಕೂಡಲೇ ಗೊತ್ತಾಯಿತು, ಅದು ಅವರ ಮನೆಯ ಪಾಠವೂ ಆಗಿತ್ತು. ಕುರಿಯವರು ದಾರಿ ಬಿಟ್ಟ ಕುರಿಗೆ ಸುಮ್ಮನೆ ಕಲ್ಲು ಬೀಸುವುದಿಲ್ಲ. ಮೊದಲು ಕೂಗುತ್ತಾರೆ, ಅದು ತಲೆಯೆತ್ತಿ ನೋಡಬೇಕು, ನೋಡಿದ ಮೇಲೆ ಅದರ ಮುಂದೆ ಬೀಳುವ ಹಾಗೆ ಒಗೆಯುತ್ತಾರೆ. ನೋಡದ ಕುರಿಗೆ ಕಲ್ಲು ಹಾರಿಸಿದರೆ ಬೆದರಿ ಕಾಲು ಮುರಿದುಕೊಳ್ಳುತ್ತದೆ, ಗಬ್ಬದ ಕುರಿಯಾದರೆ ಇನ್ನೂ ಕೆಟ್ಟದ್ದು. ಮಾಯಕ್ಕ ಹೊಡೆಯುವವಳ ಕಣ್ಣು ತನ್ನ ಮೇಲೆ ನೆಟ್ಟಗೆ ನಿಲ್ಲುವವರೆಗೆ ಕಾಯುತ್ತಿದ್ದಳು. ಕಾದು ಒಗೆದರೆ ಆ ಚೆಂಡನ್ನು ಮುಟ್ಟುವ ಹುಡುಗಿ ನಮ್ಮ ಶಾಲೆಯಲ್ಲಿ ಇರಲಿಲ್ಲ.

"ಲಗೂನ ಒಗಿಯವ್ವಾ," ಎಂದು ಸರ್ ಗಡಿಯಾರ ಹಿಡಿದು ಕೂಗುವರು.

"ಆಕಿ ಇನ್ನಾ ನೋಡವಲ್ಲಳ್ರಿ ಸರ."

"ಆಕಿ ನೋಡೂ ತನಕ ನಿಮ್ಮಜ್ಜ ಕಾಯ್ತಾನೇನು?"

ಗಡಿಯಾರವಿಟ್ಟು ಒಗೆಸಿದರೆ ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು. ಗಡಿಯಾರ ಮುಚ್ಚಿಟ್ಟರೆ ಚೆಂಡು ಸರಿಹೋಗುತ್ತಿತ್ತು, ಆದರೆ ಹೊತ್ತು ಹೋಗುತ್ತಿತ್ತು. ಗಡಿಯಾರವಿಲ್ಲದಿದ್ದರೆ ಮೈದಾನಕ್ಕೇ ಬರಲಾಗದ ಹುಡುಗಿ ಗಡಿಯಾರವಿದ್ದರೆ ಆಡಲಾರಳು. ಸರ್ ಆ ತಿಂಗಳಿಡೀ ತಲೆ ಕೆಡಿಸಿಕೊಂಡು ತಿರುಗಿದರು. ಹೆಂಡತಿಗೆ ಸಿಡುಕಿದರು, ಶಿಪಾಯಿಗೆ ಸಿಡುಕಿದರು, ನನಗಂತೂ ದಿನಾ ಇತ್ತು. ಕೊನೆಕೊನೆಗೆ ಮಾಯಕ್ಕ ಇಪ್ಪತ್ತರ ಅಂಚಿಗೆ ಬಂದು ಒಗೆಯುವುದನ್ನು ಕಲಿತಳು. ಒಗೆದ ಮೇಲೆ ಪ್ರತಿ ಸಲ ಸರ್ ಅವರ ಕೊರಳ ಕಡೆಗೆ ಒಮ್ಮೆ ನೋಡುತ್ತಿದ್ದಳು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಆ ವರ್ಷ ನಾವು ತಾಲೂಕಿನ ಫೈನಲ್ ತನಕ ಬಂದೆವು. ಎದುರಿಗೆ ಜತ್ತದ ಹಿರಿಯ ಸರ್ ಟೀಮು. ಗೆದ್ದವರು ಸಾಂಗಲಿಗೆ. ಮಧ್ಯಾಹ್ನದಿಂದಲೇ ಗಾಳಿ ಎದ್ದು ಮೈದಾನದ ಕೆಂಧೂಳು ಸುಳಿಸುಳಿಯಾಗಿ ಏಳುತ್ತಿತ್ತು. ನನ್ನ ಒಂದು ಕಣ್ಣು ಆಟದ ಮೇಲೆ, ಇನ್ನೊಂದು ಸೂರ್ಯನ ಮೇಲೆ. ಸರ್ ಮೂರನೆಯ ಮೂಲೆಯ ಹೊರಗೆ ಗಾಳಿಗೆ ಬೆನ್ನು ಕೊಟ್ಟು, ಬಾಯಲ್ಲಿ ಸೀಟಿ, ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಸಮಯ ಹಿಡಿಯುವವರು ಆಟ ನಿಲ್ಲಿಸುವಂತಿಲ್ಲ. ಹೊತ್ತು ಮೀರಿದರೆ ಊದಬೇಕು, ಅಷ್ಟೇ ಅವರ ಅಧಿಕಾರ.

ಕೊನೆಯ ಸುತ್ತು. ರನ್ ಸಮ ಸಮ. ಜತ್ತದವರ ಹುಡುಗಿಯರು ಮನೆ ಬಿಟ್ಟು ಉಳಿದ ಮೂರೂ ಮೂಲೆಯಲ್ಲಿ ನಿಂತಿದ್ದಾರೆ. ಮಾಯಕ್ಕ ಮೂರು ಚೆಂಡು ಅಡ್ಡ ಒಗೆದಿದ್ದಾಳೆ. ಇನ್ನೊಂದು ಅಡ್ಡ ಹೋದರೆ ಕೊನೆಯ ಮೂಲೆಯವಳು ಪುಕ್ಕಟೆಯಾಗಿ ಮನೆಗೆ ಬರುತ್ತಾಳೆ, ಪಂದ್ಯ ಮುಗಿಯುತ್ತದೆ. ಸರಿ ಒಗೆದು ಹೊಡೆಯುವವಳನ್ನು ಔಟ್ ಮಾಡಿದರೆ ನಾವು ಇನ್ನೂ ಆಟದಲ್ಲಿ ಇದ್ದೇವೆ. ಚೆಂಡು ಮಾಯಕ್ಕನ ಕೈಗೆ ಬಂತು. ಸರ್ ಗುಂಡಿ ಒತ್ತಿದರು.

ಅವಳು ಕೈ ಎತ್ತಿದ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿತು. ಮೂರನೆಯ ಮೂಲೆಯ ಕಡೆಯಿಂದ ಧೂಳಿನ ಗೋಡೆಯೇ ಎದ್ದು ಬಂದು ಹೊಡೆಯುವ ಹುಡುಗಿಯ ಮುಖಕ್ಕೆ ಬಡಿಯಿತು. ಅವಳ ಹಿಂದೆ ನಿಂತ ಅಂಪೈರ್ ಅಂಗಿ ತೋಳಿನಿಂದ ಮುಖ ಮುಚ್ಚಿಕೊಂಡರು. ಮಾಯಕ್ಕನ ಎತ್ತಿದ ಕೈ ಎತ್ತಿದಂತೆ ನಿಂತಿತು. ಒಗಿ, ಒಗಿ ಎಂದು ನಮ್ಮ ಹುಡುಗಿಯರು ಕೂಗಿದರು. ನಾನೂ ಕೂಗಿದೆ. ಅವಳು ಒಗೆಯಲಿಲ್ಲ. ಸರ್ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಅವಳನ್ನು ನೋಡಿದರು.

ಸೀಟಿ ಊದಿದರು.

ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ನಾಲ್ಕನೆಯದೂ ಅಡ್ಡವಾಗಿ ಪಂದ್ಯ ಮುಗಿದಿದೆ ಎಂದು ತಿಳಿದಾಗ ಗೆದ್ದವರೂ ಕುಣಿಯಲಿಲ್ಲ. ಜತ್ತದ ಹಿರಿಯ ಸರ್ ಮೈದಾನದೊಳಗೆ ಬಂದು, "ಇಂಥಾ ಗೆಲುವು ನಮಗ ಬ್ಯಾಡ್ರಿ ಸರ್. ಗಾಳಿ ಐತಿ. ಇನ್ನೊಮ್ಮೆ ಒಗೀಲಿ ಹುಡುಗಿ" ಎಂದರು. ನಮ್ಮ ಸರ್ ತಲೆ ಅಲ್ಲಾಡಿಸಿದರು. "ಹೊತ್ತ ಮೀರಿತ್ರಿ. ನಿಯಮ ನಾನೇ ಕೇಳಿದ್ದು." ಬ್ಯಾಟು ಹಿಡಿದಿದ್ದ ಹುಡುಗಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಳು. ಮಾಯಕ್ಕ ಚೆಂಡನ್ನು ನೆಲದ ಮೇಲಿಟ್ಟು ಚೀಲಗಳಿದ್ದಲ್ಲಿಗೆ ನಡೆದಳು.

ಗಾಡಿ ಬರಲು ಇನ್ನೂ ಸಾಕಷ್ಟು ಹೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಾನು ಭಜಿ ಕೊಡಿಸಿದರೆ ಯಾರೂ ಮುಟ್ಟಲಿಲ್ಲ. ನಾನು ಸರ್ ಜೊತೆ ಮಾತಾಡಲಿಲ್ಲ, ಮಾತಾಡಿದ್ದರೆ ಜಗಳವೇ ಆಗುತ್ತಿತ್ತು. ಬಸ್ಸು ಹೊರಟು ಊರು ದಾಟಿದ ಮೇಲೆ ಮಾಯಕ್ಕನ ಪಕ್ಕಕ್ಕೆ ಹೋಗಿ ಕೂತು, ಯಾಕೆ ಒಗೆಯಲಿಲ್ಲ ಎಂದು ಕೇಳಿದೆ.

"ಆಕಿ ಕಣ್ಣ ಮುಚ್ಚಿದ್ಲ್ರಿ ಬಾಯಾರ. ಧೂಳ ಬಿತ್ತಲ್ರಿ. ಕಣ್ಣ ಮುಚ್ಚಿದಾಕಿ ಮಾರಿಗಿ ಹೆಂಗ ಒಗೀಲ್ರಿ?"

ಮುಂದಿನ ಸೀಟಿನಲ್ಲಿ ಸರ್ ಇದ್ದರು. ಹಿಂದಿರುಗಿ ನೋಡದೆಯೇ ಹೇಳಿದರು. "ನನಗೂ ಕಂಡಿತ್ತು."

ಮಾಯಕ್ಕ ಎದ್ದು ನಿಂತಳು. ಹದಿನಾಲ್ಕು ವರ್ಷದ ಹುಡುಗಿ ತನ್ನ ಗುರುಗಳೊಡನೆ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. "ಕಂಡ್ರೂ ಊದಿದ್ರೇನ್ರಿ?"

"ಊದಿದೆ. ನಮ್ಮ ಸಾಲಿ ಹುಡುಗಿ ಅಂತ ನಾ ಇವತ್ತ ಸೀಟಿ ಹಿಡದಿದ್ರ, ನಾಳೆ ಎಲ್ಲಾರೂ ತಮ್ಮ ತಮ್ಮ ಹುಡುಗ್ಯಾರಿಗಿ ಹಿಡೀತಾರ. ಗಡಿಯಾರ ಅಲ್ಲಿಗೆ ಮುಗೀತು. ಗಡಿಯಾರ ಹೋದ್ರ ಗಾಡಿ ಹೋತು. ಗಾಡಿ ಹೋದ್ರ ನೀನೂ ಇಲ್ಲ, ಟೀಮೂ ಇಲ್ಲ."

"ಹಂಗಾದ್ರ ನಿಮ್ಮ ಗಡಿಯಾರ ತಪ್ಪೈತ್ರಿ."

ಸರ್ ಅವರ ಕತ್ತಿನ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಸಿಟ್ಟು ಇಳಿಯದಿದ್ದರೂ ನನಗೆ ಆ ಮನುಷ್ಯನ ಮೇಲೆ ಬಹಳ ಮರುಕ ಬಂತು. ಕೇಳಿದ ಗಡಿಯಾರ ಸಿಕ್ಕಿತ್ತು, ಕೊಟ್ಟ ಮಾತು ಉಳಿದಿತ್ತು, ಆದರೂ ಆ ಬಸ್ಸಿನಲ್ಲಿ ಅವರ ಪಕ್ಕ ಒಬ್ಬ ಹುಡುಗಿಯೂ ಕೂತಿರಲಿಲ್ಲ.

ಉಟಗಿ ದಾರಿಯಲ್ಲಿ ಇಳಿದಾಗ ಹೊತ್ತು ಇನ್ನೂ ಮೇಲಿತ್ತು. ಕುರಿಗಳು ಆಗತಾನೇ ಬರುತ್ತಿದ್ದವು. ಮಾಯಕ್ಕ ಚೀಲ ಎಸೆದು ನೇರ ದೊಡ್ಡಿಗೆ ಹೋಗಿ ಮರಿ ಬಿಡತೊಡಗಿದಳು. ಅಜ್ಜ ನಮ್ಮ ಹತ್ತಿರ ಬಂದರು. "ಮಾತಿನ ಮನಷ್ಯಾ ಅದೀರಿ ಸರ, ಹೊತ್ತಿಗೆ ತಂದ್ರಿ," ಎಂದು ಹೇಳಿ, ಹಿಂದೆಯೇ ಕೇಳಿದರು, "ಹುಡುಗಿ ಮಾರಿ ಯಾಕ ಹಂಗೈತ್ರಿ?"

"ಸೋತೇವ್ರಿ."

"ಸೋತ ಮಾರಿ ಅಲ್ಲ ಅದು. ನಾ ನೋಡೀನಿ ಸೋತ ಮಾರಿ." ಅಜ್ಜ ದೊಡ್ಡಿಯ ಕಡೆ ನೋಡಿದರು. "ನನ್ನ ಕಡಿಂದ ಅಡ್ಡಿ ಇಲ್ರಿ. ನಾಳಿಂದ ಬರೂದು ಬಿಡೂದು ಆಕೀದು."

ಮುಂದಿನ ವರ್ಷದ ಸಭೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಡಿಯಾರ ತೆಗೆದೇಬಿಡೋಣ ಎಂದು ಎಲ್ಲರೂ ತಯಾರಾಗಿ ಬಂದ ಸಭೆ ಅದು. ಸರ್ ಎದ್ದು, "ಗಡಿಯಾರ ಇರ್ಲಿ. ಹೊಡಿಯಾಕಿ ತಲಿ ಎತ್ತಿ, ಕಣ್ಣ ತೆರದು ನಿಂತ ಮ್ಯಾಲೆ ಶುರು ಆಗ್ಲಿ. ಒಗಿಯಾಕಿಗಷ್ಟೇ ಹೊತ್ತ ಕಟ್ಟಿದ್ದು ನನ್ನ ತಪ್ಪು" ಎಂದರು. ಜತ್ತದ ಹಿರಿಯ ಸರ್ ಒಪ್ಪಿಗೆಯಿದೆ ಎಂದು ಕೈ ಎತ್ತಿದರು. ಹುಡುಗರಿಗೂ ಅದೇ ನಿಯಮ ಬರಲಿ ಎಂದು ನಾನು ಹಟ ಹಿಡಿದೆ, ಅದೂ ಬಂತು. ನಮ್ಮ ತಾಲೂಕಿನಲ್ಲಿ ಈಗಲೂ ಹಾಗೇ ಆಡುತ್ತಾರೆ, ಈಗಲೂ ಹಾಗೇ ಜಗಳವಾಡುತ್ತಾರೆ.

ಆದರೆ ಸರ್ ಅಂದ ಕೂಡಲೇ ನನಗೆ ನೆನಪಾಗುವುದು ಆ ಸಭೆಯಲ್ಲ, ಪಂದ್ಯದ ಮರುದಿನದ ಬೆಳಗು.

ಶಾಲೆಗೆ ಮೊದಲು ತಾಲೀಮು ಇರುತ್ತಿತ್ತು. ಆ ದಿನ ಬೇರೆ ಹುಡುಗಿಯರು ಯಾರೂ ಬರಲಿಲ್ಲ. ನಾನು ಜಗಳ ತೆಗೆಯಬೇಕೆಂದೇ ಬೇಗ ಬಂದಿದ್ದೆ. ಸರ್ ಖಾಲಿ ಮೈದಾನದಲ್ಲಿ ಒಬ್ಬರೇ ನಿಂತಿದ್ದರು. ಹೊತ್ತಿಗೆ ಸರಿಯಾಗಿ ಊದುವ ಸೀಟಿ ಊದಲಿಲ್ಲ. ಗಡಿಯಾರ ನೋಡಲಿಲ್ಲ. ಉಟಗಿ ದಾರಿಯ ಕಡೆ ಮುಖ ಮಾಡಿ ಸುಮ್ಮನೆ ನಿಂತಿದ್ದರು. ಯಾರಿಗಾಗಿಯೂ ಒಂದು ನಿಮಿಷ ಕಾಯದ ಮನುಷ್ಯ ಹಾಗೆ ನಿಂತದ್ದನ್ನು ನೋಡಿ ಜಗಳ ಆಮೇಲಾಗಲಿ ಅಂದುಕೊಂಡೆ. ನಾನೂ ಕಾಯುತ್ತ ಗೋಡೆಯ ಮೇಲೆ ಕೂತೆ. ಬಿಸಿಲು ಏರಿತು.

ಮಾಯಕ್ಕ ಬಂದಳು. ಸರ್ ಚೆಂಡು ಎತ್ತಿಕೊಂಡು ಕೊಡಲು ಹೋದರು. ಅವಳು ಕೈ ಚಾಚಲಿಲ್ಲ.

"ಆಡಾಕ ಬಂದಿಲ್ರಿ ಸರ. ಒಂದ ಮಾತ ಕೇಳಾಕ ಬಂದೀನಿ. ಅಲ್ಲಿ ನಾ ನಿಂತಲ್ಲಿ ನೀವು ನಿಂತಿದ್ರ, ಒಗೀತಿದ್ರೇನ್ರಿ?"

ಸರ್ ಅವಳನ್ನು ನೋಡಿದರು. ಆಮೇಲೆ ಕೊರಳಿನ ಕರಿ ದಾರ ತೆಗೆದು, ಸೀಟಿ ಗಡಿಯಾರ ಎರಡನ್ನೂ ಅವಳ ಕೊರಳಿಗೆ ಹಾಕಿದರು. "ನೋಡೂಣು," ಅಂದರು. ನನ್ನ ಕಡೆ ತಿರುಗಿ, "ಬಾಯಾರ, ಬ್ಯಾಟ ಹಿಡ್ರಿ."

ಇಷ್ಟು ವರ್ಷ ಆ ಟೀಮಿನ ಹಿಂದೆ ತಿರುಗಿ ನಾನು ಬ್ಯಾಟು ಮುಟ್ಟಿದವಳಲ್ಲ. ನನಗ್ಯಾಕ್ರಿ ಈ ಉಸಾಬರಿ ಎಂದು ಗೊಣಗುತ್ತ, ಸೆರಗು ಸಿಕ್ಕಿಸಿಕೊಂಡು ಹೋಗಿ ನಿಂತೆ. ಸರ್ ಒಗೆಯುವ ಜಾಗಕ್ಕೆ ನಡೆದರು. "ಹೊತ್ತ ಹಿಡಿಯವ್ವಾ. ಸವಲತ್ತ ಬ್ಯಾಡ," ಎಂದು ಅವಳಿಗೆ ಹೇಳಿದರು. ಮಾಯಕ್ಕ ಗುಂಡಿ ಒತ್ತಿದಳು.

ಅವರ ಕೈ ಮೇಲೇರಿದ್ದು ಕಂಡಿತು. ಆ ಕೈಯ ಜೋರು ಎಷ್ಟೆಂದು ಗೋಡೆಯ ಮೇಲೆ ಕೂತು ನೋಡಿದವಳು ನಾನು. ನಿಜ ಹೇಳಬೇಕೆಂದರೆ ಹೆದರಿ ಕಣ್ಣು ಗಟ್ಟಿಯಾಗಿ ಮುಚ್ಚಿಬಿಟ್ಟೆ. ಕಾದೆ. ಚೆಂಡು ಬರಲಿಲ್ಲ. ಹರಳಿನ ಮೇಲೆ ಅವರ ಬೂಟು ಒಮ್ಮೆ ಸರಿದ ಸದ್ದಾಯಿತು. ಇನ್ನೂ ಬರಲಿಲ್ಲ. ಕಣ್ಣು ಬಿಡುವ ಧೈರ್ಯ ನನಗೆ ಬರಲಿಲ್ಲ.

ಸೀಟಿ ಉದ್ದಕ್ಕೆ ಕೂಗಿತು.

ಕಣ್ಣು ತೆರೆದಾಗ ಸರ್ ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದರು, ಚೆಂಡು ಕೈಯಲ್ಲೇ ಇತ್ತು. ಮಾಯಕ್ಕನ ಕಣ್ಣು ತುಂಬಿತ್ತು. ಸೀಟಿ ಬಾಯಿಂದ ತೆಗೆದು, "ಹೊತ್ತ ಮೀರಿತ್ರಿ ಸರ" ಅಂದಳು.

"ಬರೋಬ್ಬರಿ ಊದಿದಿ," ಅಂದರು ಸರ್.

ಅವಳು ಸ್ವಲ್ಪ ಹೊತ್ತು ಅವರನ್ನೇ ನೋಡುತ್ತ ನಿಂತಳು. ಆಮೇಲೆ ಚೆಂಡಿಗೆ ಕೈ ಚಾಚಿದಳು.